ಕಿಣ್ವವನ್ನು ತಡೆದರೂ ಗಡ್ಡೆ ನಿಲ್ಲಲಿಲ್ಲ: ಗ್ಲುಟಾಮಿನೇಸ್ ಕುರಿತು ಮರುಯೋಚನೆ

2021ರ ಜನವರಿಯ ಮೊದಲ ವಾರದಲ್ಲಿ ಅಮೆರಿಕದ ಕ್ಯಾಲಿಥೆರಾ ಎಂಬ ಔಷಧ ಸಂಸ್ಥೆ ತಾನು ನಡೆಸಿದ ದೊಡ್ಡ ಪ್ರಯೋಗವೊಂದರ ಫಲಿತಾಂಶವನ್ನು ಪ್ರಕಟಿಸಿತು. ದೇಹದ ಇತರ ಭಾಗಗಳಿಗೆ ಹರಡಿದ ಮೂತ್ರಪಿಂಡದ ಕ್ಯಾನ್ಸರ್ ಇದ್ದ 444 ರೋಗಿಗಳು ಅದರಲ್ಲಿ ಭಾಗವಹಿಸಿದ್ದರು. ಎಲ್ಲರಿಗೂ ಈಗಾಗಲೇ ಬಳಕೆಯಲ್ಲಿರುವ ಕ್ಯಾಬೊಜಾಂಟಿನಿಬ್ ಔಷಧವನ್ನು ಕೊಟ್ಟು, ಅರ್ಧದಷ್ಟು ಜನರಿಗೆ ಅದರ ಜೊತೆಗೆ ಟೆಲಾಗ್ಲೆನಾಸ್ಟಾಟ್ ಎಂಬ ಹೊಸ ಗುಳಿಗೆಯನ್ನೂ, ಉಳಿದವರಿಗೆ ಅದೇ ರೂಪದ ಔಷಧರಹಿತ ಗುಳಿಗೆಯನ್ನೂ ಕೊಡಲಾಗಿತ್ತು. ರೋಗ ಮತ್ತೆ ಬೆಳೆಯತೊಡಗುವವರೆಗಿನ ಅವಧಿಯ ಮಧ್ಯಾಂಕ ಹೊಸ ಗುಳಿಗೆ ತೆಗೆದುಕೊಂಡವರಲ್ಲಿ 9.2 ತಿಂಗಳು, ತೆಗೆದುಕೊಳ್ಳದವರಲ್ಲಿ 9.3 ತಿಂಗಳು. ಅಂದರೆ ಹೊಸ ಔಷಧದಿಂದ ಏನೂ ಆಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕುರಿತ ಇನ್ನೊಂದು ಪ್ರಯೋಗವನ್ನೂ ಪ್ರಯೋಜನ ಕಾಣದ ಕಾರಣಕ್ಕೆ ನಿಲ್ಲಿಸಲಾಯಿತು. 2023ರ ಆರಂಭದಲ್ಲಿ ಸಂಸ್ಥೆಯೇ ಮುಚ್ಚುವ ತೀರ್ಮಾನ ಪ್ರಕಟಿಸಿತು.

ಔಷಧಗಳು ಸೋಲುವುದು ಹೊಸದಲ್ಲ. ಈ ಸೋಲಿನ ಬಗ್ಗೆ ಬೇರೆಯಾಗಿ ಬರೆಯಬೇಕೆನಿಸುವುದಕ್ಕೆ ಕಾರಣವೆಂದರೆ, ಟೆಲಾಗ್ಲೆನಾಸ್ಟಾಟ್ ತನಗೆ ವಹಿಸಿದ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅದು ತಡೆಯಬೇಕಾಗಿದ್ದದ್ದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಭಾಗದಲ್ಲಿರುವ ಗ್ಲುಟಾಮಿನೇಸ್ ಎಂಬ ಕಿಣ್ವವನ್ನು. ಮೊದಲ ಹಂತದ ಪ್ರಯೋಗದಲ್ಲಿ ರೋಗಿಗಳ ರಕ್ತದ ಕಿರುಬಿಲ್ಲೆಗಳನ್ನೂ ಗಡ್ಡೆಯಿಂದ ತೆಗೆದ ಚೂರುಗಳನ್ನೂ ಪರೀಕ್ಷಿಸಿದಾಗ, ಆ ಕಿಣ್ವದ ಕೆಲಸ ಗಣನೀಯವಾಗಿ ಕುಗ್ಗಿದ್ದು ಕಂಡುಬಂದಿತ್ತು. ಕಿಣ್ವವನ್ನು ತಡೆದದ್ದಾಯಿತು, ಆದರೆ ಗಡ್ಡೆ ಬೆಳೆಯುತ್ತಲೇ ಹೋಯಿತು. ಹಾಗಿದ್ದರೆ ಆ ಕಿಣ್ವವಿಲ್ಲದೆ ಕ್ಯಾನ್ಸರ್ ಕೋಶ ಬದುಕಲಾರದು ಎಂಬ ನಂಬಿಕೆ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ನೋಡಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ತಪ್ಪಾದದ್ದು ಕಿಣ್ವದ ರಸಾಯನಶಾಸ್ತ್ರದಲ್ಲಲ್ಲ, ಆ ಕಿಣ್ವ ಯಾವ ಪರಿಸರದಲ್ಲಿ ಕೆಲಸ ಮಾಡುತ್ತಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದರಲ್ಲಿ. ಮನುಷ್ಯ ದೇಹದಲ್ಲಿ ಈ ಕಿಣ್ವದ ಚರಿತ್ರೆಯನ್ನು ಅಂಗದಿಂದ ಅಂಗಕ್ಕೆ ಗಮನಿಸುತ್ತ ಹೋದರೆ ಈ ಮಾತು ಸ್ಪಷ್ಟವಾಗುತ್ತದೆ.

ಕಿಣ್ವ ಮಾಡುವ ಒಂದೇ ಕೆಲಸ

ಗ್ಲುಟಾಮಿನ್ ನಮ್ಮ ರಕ್ತದಲ್ಲಿ ಬಿಡಿಯಾಗಿ ಹರಿಯುವ ಅಮೈನೋ ಆಮ್ಲಗಳಲ್ಲೆಲ್ಲ ಅತಿ ಹೆಚ್ಚಿನ ಪ್ರಮಾಣದಲ್ಲಿರುವಂಥದ್ದು. ಆರೋಗ್ಯವಂತರ ರಕ್ತದಲ್ಲಿ ಅದರ ಪ್ರಮಾಣ ಸುಮಾರು 0.5ರಿಂದ 0.7 ಮಿಲಿಮೋಲಾರ್. ಹೆಚ್ಚಿನ ಪಾಲು ಸ್ನಾಯುಗಳಲ್ಲಿ ತಯಾರಾಗಿ ರಕ್ತಕ್ಕೆ ಬರುತ್ತದೆ. ಅದರ ಅಣುವಿನಲ್ಲಿ ಎರಡು ಸಾರಜನಕ ಪರಮಾಣುಗಳಿವೆ. ಒಂದು ಎಲ್ಲ ಅಮೈನೋ ಆಮ್ಲಗಳಲ್ಲಿ ಇರುವಂಥದ್ದು, ಇನ್ನೊಂದು ಅಣುವಿನ ಬಾಲದ ತುದಿಯಲ್ಲಿ ಅಮೈಡ್ ರೂಪದಲ್ಲಿ ಕಟ್ಟಿಕೊಂಡಿರುವಂಥದ್ದು. ಈ ಎರಡನೆಯ ಸಾರಜನಕವನ್ನು ನೀರಿನ ಒಂದು ಅಣುವಿನ ಸಹಾಯದಿಂದ ಕತ್ತರಿಸಿ ಅಮೋನಿಯಾ ರೂಪದಲ್ಲಿ ಬಿಡುಗಡೆ ಮಾಡುವುದು, ಉಳಿದದ್ದನ್ನು ಗ್ಲುಟಾಮೇಟ್ ಆಗಿಸುವುದು ಗ್ಲುಟಾಮಿನೇಸ್ ಕಿಣ್ವದ ಕೆಲಸ. ಇಷ್ಟೇ. ಈ ಒಂದು ಹೆಜ್ಜೆಯಿಂದ ಹೊರಬರುವ ಎರಡು ವಸ್ತುಗಳಲ್ಲಿ ಯಾವುದು ಆ ಜೀವಕೋಶಕ್ಕೆ ಬೇಕಾದದ್ದು, ಯಾವುದು ಬೇಡವಾದದ್ದು ಎಂಬುದು ಮಾತ್ರ ಅಂಗದಿಂದ ಅಂಗಕ್ಕೆ ಬದಲಾಗುತ್ತದೆ.

ಮನುಷ್ಯರಲ್ಲಿ ಈ ಕಿಣ್ವವನ್ನು ರೂಪಿಸುವ ಎರಡು ಜೀನ್‌ಗಳಿವೆ. ಜಿಎಲ್‌ಎಸ್ ಎಂಬುದು 2ನೇ ವರ್ಣತಂತುವಿನಲ್ಲಿದೆ. ಮೂತ್ರಪಿಂಡ, ಮಿದುಳು, ಕರುಳು ಮೊದಲಾದ ಕಡೆಗಳಲ್ಲಿ ಕೆಲಸ ಮಾಡುವ ಕಿಣ್ವ ಅದರದ್ದು. ಜಿಎಲ್‌ಎಸ್2 ಎಂಬುದು 12ನೇ ವರ್ಣತಂತುವಿನಲ್ಲಿದೆ. ಅದರ ಮುಖ್ಯ ನೆಲೆ ಯಕೃತ್ತು. ಮೊದಲ ಜೀನ್‌ನಿಂದಲೇ ಬಾಲದ ಭಾಗದಲ್ಲಿ ಮಾತ್ರ ಭಿನ್ನವಾದ ಎರಡು ರೂಪಗಳು ಹುಟ್ಟುತ್ತವೆ: 669 ಅಮೈನೋ ಆಮ್ಲಗಳ ಉದ್ದದ ಕೆಜಿಎ, 598 ಅಮೈನೋ ಆಮ್ಲಗಳ ಜಿಎಸಿ. ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. ನಾಲ್ಕು ಪ್ರತಿಗಳು ಒಟ್ಟಾಗಿ ಕೂಡಿದಾಗ ಮಾತ್ರ ಕಿಣ್ವ ಚುರುಕಾಗುತ್ತದೆ, ಮತ್ತು ಹಾಗೆ ಕೂಡಲು ಫಾಸ್ಫೇಟ್ ಬೇಕು. ಇಂಥ ನಾಲ್ಕರ ಗುಂಪುಗಳು ಒಂದರ ತುದಿಗೆ ಇನ್ನೊಂದು ಸೇರಿ ಉದ್ದನೆಯ ತಂತುಗಳಾದಾಗ ಅವುಗಳ ವೇಗ ಇನ್ನಷ್ಟು ಏರುತ್ತದೆ ಎಂಬುದನ್ನು ಈಚಿನ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ತೋರಿಸಿವೆ. ಟೆಲಾಗ್ಲೆನಾಸ್ಟಾಟ್ ಹಾಗೂ ಅದಕ್ಕೆ ಮುಂಚಿನ ಬಿಪಿಟಿಇಎಸ್ ಎಂಬ ಅಣುಗಳು ಕೂರುವುದು ಈ ನಾಲ್ಕರ ಗುಂಪಿನ ನಡುವಿನ ಸಂದಿಯಲ್ಲಿ. ಗ್ಲುಟಾಮಿನ್ ಬಂದು ಕೂರುವ ಜಾಗವನ್ನು ಅವು ಮುಟ್ಟುವುದಿಲ್ಲ. ಗುಂಪನ್ನು ಕೆಲಸಕ್ಕೆ ಬಾರದ ಭಂಗಿಯಲ್ಲಿ ಬಿಗಿದುಬಿಡುತ್ತವೆ. ಯಕೃತ್ತಿನ ಕಿಣ್ವಕ್ಕೆ ಅವು ಅಷ್ಟಾಗಿ ತಾಗುವುದಿಲ್ಲ. ಔಷಧವಾಗಿ ಇದು ಬಹಳ ಅಚ್ಚುಕಟ್ಟಾದ ವಿನ್ಯಾಸ ಎಂಬುದರಲ್ಲಿ ಅನುಮಾನವಿಲ್ಲ.

ಮೂತ್ರಪಿಂಡದಲ್ಲಿ ಅಮೋನಿಯಾವೇ ಮುಖ್ಯ

ಈ ಕಿಣ್ವವನ್ನು ಮೊದಲು ವಿವರವಾಗಿ ಅಭ್ಯಾಸ ಮಾಡಿದವರು ಹಾನ್ಸ್ ಕ್ರೆಬ್ಸ್. ನಾಜಿ ಆಡಳಿತದ ಕಾರಣದಿಂದ 1933ರಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದಿದ್ದ ಅವರು 1935ರಲ್ಲಿ ಪ್ರಕಟಿಸಿದ ಬರಹದಲ್ಲಿ, ಪ್ರಾಣಿಗಳ ಅಂಗಾಂಶದ ಚೂರುಗಳು ಗ್ಲುಟಾಮಿನನ್ನು ಕಟ್ಟಬಲ್ಲವು, ಒಡೆಯಲೂಬಲ್ಲವು ಎಂದು ತೋರಿಸಿದರು. ಮೂತ್ರಪಿಂಡ ಮತ್ತು ಮಿದುಳಿನ ಕಿಣ್ವ ಒಂದು ಬಗೆಯದು, ಯಕೃತ್ತಿನದು ಇನ್ನೊಂದು ಬಗೆಯದು ಎಂಬ ಭೇದವನ್ನು ಅವರು ಆಗಲೇ ಗುರುತಿಸಿದ್ದರು. ಜೀನ್‌ಗಳ ಪತ್ತೆ ಕನಸಿನಲ್ಲೂ ಇಲ್ಲದ ಕಾಲದಲ್ಲಿ, ಚೂರುಗಳಿಂದ ಹೊರಬಂದ ಅಮೋನಿಯಾವನ್ನು ಅಳೆದಷ್ಟರಿಂದಲೇ ಹೊಳೆದ ಈ ಭೇದ ಇಂದಿಗೂ ನಿಂತಿದೆ. ಜೀವಕೋಶ ಆಹಾರವನ್ನು ಉರಿಸಿ ಶಕ್ತಿ ಪಡೆಯುವ ಕ್ರಿಯೆಗಳ ಸರಣಿಯನ್ನು ತೋರಿಸಿದ, ಕ್ರೆಬ್ಸ್ ಚಕ್ರ ಎಂದು ನಾವು ಪಠ್ಯಪುಸ್ತಕದಲ್ಲಿ ಓದುವ ಸಂಶೋಧನೆ ಬಂದದ್ದು ಇದಾದ ಎರಡು ವರ್ಷಗಳ ನಂತರ.

ಮೂತ್ರದಲ್ಲಿ ಹೋಗುವ ಅಮೋನಿಯಾದ ಮೂಲ ಯಾವುದು ಎಂಬ ಪ್ರಶ್ನೆಗೆ 1943ರಲ್ಲಿ ಡೊನಾಲ್ಡ್ ವ್ಯಾನ್ ಸ್ಲೈಕ್ ಮತ್ತು ಸಂಗಡಿಗರು ನಾಯಿಗಳ ಮೇಲಿನ ಅಧ್ಯಯನದಿಂದ ಉತ್ತರ ಕೊಟ್ಟರು. ಅದರ ಬಹುಪಾಲು ರಕ್ತದ ಗ್ಲುಟಾಮಿನ್‌ನಿಂದ ಬರುತ್ತದೆ. ಇದರ ಮಹತ್ವ ಅರ್ಥವಾಗಬೇಕಾದರೆ ಆಮ್ಲದ ಲೆಕ್ಕವನ್ನು ನೋಡಬೇಕು. ನಾವು ತಿಂದ ಪ್ರೋಟೀನಿನಿಂದ ದಿನವೂ ಒಂದಷ್ಟು ಆಮ್ಲ ಹುಟ್ಟುತ್ತದೆ. ಶ್ವಾಸದ ಮೂಲಕ ಹೊರಹೋಗದ ಈ ಆಮ್ಲವನ್ನು ಮೂತ್ರಪಿಂಡವೇ ಕಳಿಸಬೇಕು. ಮೂತ್ರಪಿಂಡದೊಳಗಿನ 'ಸಮೀಪ ನಳಿಕೆ' ಎಂಬ ಸೂಕ್ಷ್ಮ ಕೊಳವೆಗಳ ಕೋಶಗಳಲ್ಲಿ ಒಂದು ಗ್ಲುಟಾಮಿನ್ ಅಣು ಮೈಟೊಕಾಂಡ್ರಿಯಾವನ್ನು ಹೊಕ್ಕು, ಮೊದಲು ಗ್ಲುಟಾಮಿನೇಸ್‌ನಿಂದಲೂ ನಂತರ ಗ್ಲುಟಾಮೇಟ್ ಡಿಹೈಡ್ರೋಜನೇಸ್ ಎಂಬ ಇನ್ನೊಂದು ಕಿಣ್ವದಿಂದಲೂ ಒಡೆದಾಗ ಎರಡು ಅಮೋನಿಯಂ ಅಯಾನುಗಳು ಸಿಗುತ್ತವೆ. ಅವು ಮೂತ್ರಕ್ಕೆ ಹೋಗುತ್ತವೆ. ಉಳಿದ ಇಂಗಾಲದ ಎಲುಬು ಉರಿದು ಅಥವಾ ಗ್ಲುಕೋಸ್ ಆಗಿ ಬದಲಾಗುವಾಗ ಎರಡು ಬೈಕಾರ್ಬನೇಟ್ ಅಯಾನುಗಳು ಹುಟ್ಟಿ ರಕ್ತಕ್ಕೆ ಮರಳುತ್ತವೆ, ಆಮ್ಲವನ್ನು ತಟಸ್ಥಗೊಳಿಸುತ್ತವೆ. ಹೀಗಾಗಿ ಇಲ್ಲಿ ಅಮೋನಿಯಾ ತ್ಯಾಜ್ಯವಲ್ಲ, ಉದ್ದೇಶ.

ರಕ್ತದಲ್ಲಿ ಆಮ್ಲ ಹೆಚ್ಚಾದಾಗ, ಉದಾಹರಣೆಗೆ ಸಕ್ಕರೆ ಕಾಯಿಲೆಯ ಕೀಟೋ ಆಮ್ಲತೆಯಲ್ಲಿ, ಈ ಕೋಶಗಳಲ್ಲಿ ಗ್ಲುಟಾಮಿನೇಸ್ ಪ್ರಮಾಣ ಹಲವು ಪಟ್ಟು ಏರುತ್ತದೆ. ಏರುವ ರೀತಿ ಗಮನಿಸುವಂಥದ್ದು. ಜೀನ್‌ನಿಂದ ಹೆಚ್ಚು ಆರ್‌ಎನ್‌ಎ ಪ್ರತಿಗಳು ಬರೆಯಲ್ಪಡುವುದಿಲ್ಲ; ಬರೆದ ಪ್ರತಿಗಳು ಬೇಗ ನಾಶವಾಗದೆ ಉಳಿಯುತ್ತವೆ. ಆರ್‌ಎನ್‌ಎಯ ಬಾಲದಲ್ಲಿರುವ ಎಂಟು ಅಕ್ಷರಗಳ ಒಂದು ಸಣ್ಣ ಗುರುತಿಗೆ ಝೀಟಾ ಕ್ರಿಸ್ಟಲಿನ್ ಎಂಬ ಪ್ರೋಟೀನು ಅಂಟಿಕೊಂಡು ಅದನ್ನು ಕಾಯುತ್ತದೆ. ನಾರ್ಮನ್ ಕರ್ಥಾಯ್ಸ್ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿ ಬಿಡಿಸಿದ ವಿವರ ಇದು. ದೀರ್ಘಕಾಲದ ಮೂತ್ರಪಿಂಡ ವೈಫಲ್ಯದಲ್ಲಿ ಇಂಥ ಕೋಶಗಳೇ ನಾಶವಾಗುವುದರಿಂದ ಅಮೋನಿಯಾ ತಯಾರಿಕೆ ಕುಸಿದು, ರೋಗಿಯ ರಕ್ತ ಆಮ್ಲೀಯವಾಗುತ್ತದೆ. ವೈದ್ಯರು ಸೋಡಿಯಂ ಬೈಕಾರ್ಬನೇಟ್ ಮಾತ್ರೆ ಬರೆದುಕೊಡುವುದರ ಹಿಂದಿನ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ಯಕೃತ್ತಿನಲ್ಲಿ ಚಿತ್ರ ಬೇರೆ. ಕರುಳಿನಿಂದ ಬರುವ ರಕ್ತನಾಳದ ಹತ್ತಿರದ ಯಕೃತ್ ಕೋಶಗಳಲ್ಲಿ ಗ್ಲುಟಾಮಿನೇಸ್ ಇದೆ, ಅಲ್ಲಿ ಬಿಡುಗಡೆಯಾದ ಅಮೋನಿಯಾ ತಕ್ಷಣ ಯೂರಿಯಾ ಆಗುತ್ತದೆ. ಅಮೋನಿಯಾ ಹೆಚ್ಚಿದಷ್ಟೂ ಈ ಕಿಣ್ವ ಚುರುಕಾಗುತ್ತದೆ, ಅಂದರೆ ತನ್ನ ಉತ್ಪನ್ನದಿಂದಲೇ ಉತ್ತೇಜನ ಪಡೆಯುತ್ತದೆ. ರಕ್ತ ಯಕೃತ್ತನ್ನು ಬಿಟ್ಟು ಹೊರಡುವ ಕೊನೆಯ ಒಂದೆರಡು ಸಾಲು ಕೋಶಗಳಲ್ಲಿ ಇದಕ್ಕೆ ವಿರುದ್ಧವಾದ ಕಿಣ್ವವಿದೆ. ತಪ್ಪಿಸಿಕೊಂಡ ಅಮೋನಿಯಾವನ್ನು ಅದು ಮತ್ತೆ ಗ್ಲುಟಾಮಿನ್ ಆಗಿ ಕಟ್ಟಿ ಕಳಿಸುತ್ತದೆ.

ಮಿದುಳು ಮತ್ತು ಮಕ್ಕಳ ಕಾಯಿಲೆಗಳು

ಮಿದುಳಿನಲ್ಲಿ ಅಮೋನಿಯಾ ಬೇಡದ ವಸ್ತು, ಗ್ಲುಟಾಮೇಟ್ ಬೇಕಾದದ್ದು. ನರಕೋಶಗಳು ಒಂದಕ್ಕೊಂದು ಉತ್ತೇಜಕ ಸಂಕೇತ ಕಳಿಸುವುದು ಮುಖ್ಯವಾಗಿ ಗ್ಲುಟಾಮೇಟ್ ಮೂಲಕ. ಸಂಕೇತ ಕಳಿಸಿದ ಮೇಲೆ ಅದು ಹೊರಗೆ ಉಳಿದರೆ ವಿಷವಾಗುತ್ತದೆ. ಆದ್ದರಿಂದ ಪಕ್ಕದ ಆಸ್ಟ್ರೋಸೈಟ್ ಕೋಶಗಳು ಅದನ್ನು ಹೀರಿಕೊಂಡು ನಿರುಪದ್ರವಿಯಾದ ಗ್ಲುಟಾಮಿನ್ ಆಗಿಸಿ ನರಕೋಶಕ್ಕೆ ಹಿಂದಿರುಗಿಸುತ್ತವೆ. ನರಕೋಶದ ಮೈಟೊಕಾಂಡ್ರಿಯಾದಲ್ಲಿರುವ ಗ್ಲುಟಾಮಿನೇಸ್ ಅದನ್ನು ಮತ್ತೆ ಗ್ಲುಟಾಮೇಟ್ ಮಾಡುತ್ತದೆ. ಈ ಕಿಣ್ವ ಪೂರ್ತಿ ಇಲ್ಲದಂತೆ ಮಾಡಿದ ಇಲಿಮರಿಗಳು ಹುಟ್ಟಿದ ಮೊದಲ ದಿನವೇ ಉಸಿರಾಟದ ಲಯ ತಪ್ಪಿ ಸಾಯುತ್ತವೆ ಎಂದು 2006ರಲ್ಲಿ ವರದಿಯಾಯಿತು.

ಮನುಷ್ಯರಲ್ಲಿ ಇದಕ್ಕೆ ಸಮಾನವಾದ ಸ್ಥಿತಿ ಇದೆಯೇ ಎಂಬುದು ಬಹುಕಾಲ ತಿಳಿದಿರಲಿಲ್ಲ. 2019ರ ಸುಮಾರಿಗೆ ಕೆಲವೇ ತಿಂಗಳುಗಳ ಅಂತರದಲ್ಲಿ ಮೂರು ಬೇರೆ ಬೇರೆ ಚಿತ್ರಗಳು ಹೊರಬಂದವು, ಮೂರೂ ಒಂದೇ ಜೀನ್‌ನ ದೋಷದಿಂದ ಬಂದಂಥವು. ಕಿಣ್ವ ಸಂಪೂರ್ಣ ಕೆಟ್ಟಿದ್ದ ನವಜಾತ ಶಿಶುಗಳಲ್ಲಿ ಔಷಧಕ್ಕೆ ಬಗ್ಗದ ಫಿಟ್ಸ್ ಮತ್ತು ಉಸಿರಾಟದ ವೈಫಲ್ಯ ಕಂಡುಬಂದು ಅವು ಉಳಿಯಲಿಲ್ಲ. ಕಿಣ್ವದ 482ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಅದರ ವೇಗ ಅತಿಯಾಗಿದ್ದ ಒಂದು ಮಗುವಿನಲ್ಲಿ ಎಳವೆಯಲ್ಲೇ ಕಣ್ಣಿನ ಪೊರೆ, ಚರ್ಮದ ಗಂಟುಗಳು ಮತ್ತು ಬೆಳವಣಿಗೆಯ ತೀವ್ರ ಕುಂಠಿತ ಕಂಡಿತು. ಗ್ಲುಟಾಮಿನ್ ಕಡಿಮೆ, ಗ್ಲುಟಾಮೇಟ್ ಹೆಚ್ಚು.

ಮೂರನೆಯದು ನನಗೆ ಅತ್ಯಂತ ಮುಖ್ಯವೆನಿಸುವ ಪ್ರಕರಣ. ಪರಸ್ಪರ ಸಂಬಂಧವಿಲ್ಲದ ಮೂವರು ರೋಗಿಗಳಲ್ಲಿ ಬೆಳವಣಿಗೆ ನಿಧಾನವಾಗಿತ್ತು, ನಡಿಗೆಯ ತೂಕ ತಪ್ಪುವ ಅಟಾಕ್ಸಿಯಾ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು, ರಕ್ತದಲ್ಲಿ ಗ್ಲುಟಾಮಿನ್ ಪ್ರಮಾಣ ಏರಿತ್ತು. ರಕ್ತದಲ್ಲಿ ಗ್ಲುಟಾಮಿನ್ ಏರಿದರೆ ವೈದ್ಯರಿಗೆ ಮೊದಲು ಹೊಳೆಯುವುದು ಅಮೋನಿಯಾವನ್ನು ಯೂರಿಯಾ ಆಗಿಸುವ ಯೂರಿಯಾ ಚಕ್ರದ ದೋಷ. ಆದರೆ ಇವರಲ್ಲಿ ಅಮೋನಿಯಾ ಹೆಚ್ಚಿರಲಿಲ್ಲ. ಜೀನ್‌ಗಳ ಪ್ರೋಟೀನು ರೂಪಿಸುವ ಭಾಗವನ್ನು ಓದುವ ಎಕ್ಸೋಮ್ ಪರೀಕ್ಷೆಯಿಂದ ಪೂರ್ತಿ ಉತ್ತರ ಸಿಗಲಿಲ್ಲ. ಇಡೀ ಜೀನೋಮನ್ನು ಓದಿ, ಅದನ್ನು ಬೇರೆ ವಿಧಾನದಿಂದ ಮರುವಿಶ್ಲೇಷಿಸಿದಾಗ ತಿಳಿದದ್ದು ಇದು: ಜಿಎಲ್‌ಎಸ್ ಜೀನ್‌ನ ಆರಂಭದಲ್ಲಿ, ಪ್ರೋಟೀನು ಶುರುವಾಗುವುದಕ್ಕೂ ಮುಂಚಿನ ಜಾಗದಲ್ಲಿ, ಮೂರಕ್ಷರಗಳ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯ ಜನರಲ್ಲಿ ಹತ್ತಿಪ್ಪತ್ತರ ಆಸುಪಾಸಿನಲ್ಲಿರುವ ಈ ಪುನರಾವರ್ತನೆ ಇವರಲ್ಲಿ ನೂರಾರಕ್ಕೆ ಏರಿತ್ತು. ಅದರಿಂದ ಜೀನ್ ಮೌನವಾಗಿತ್ತು. ಕಿಣ್ವದ ರಚನೆಯಲ್ಲಿ ತಪ್ಪಿಲ್ಲ, ತಯಾರಾಗುತ್ತಿದ್ದ ಪ್ರಮಾಣ ಮಾತ್ರ ಸಾಲದು. ಕಾರಣ ತಿಳಿಯದ ಅಟಾಕ್ಸಿಯಾ ಇರುವ ಮಗುವಿನ ಅಮೈನೋ ಆಮ್ಲ ಪರೀಕ್ಷೆಯಲ್ಲಿ ಗ್ಲುಟಾಮಿನ್ ಮಾತ್ರ ಎದ್ದು ಕಂಡು ಅಮೋನಿಯಾ ಸಹಜವಾಗಿದ್ದರೆ, ಎಕ್ಸೋಮ್ ವರದಿ ಸರಿಯಿದೆ ಎಂಬ ಕಾರಣಕ್ಕೆ ಈ ಜೀನನ್ನು ಕೈಬಿಡಬಾರದು. ನಮ್ಮಲ್ಲಿಯೂ ಎಕ್ಸೋಮ್ ಪರೀಕ್ಷೆ ಈಗ ಸುಲಭವಾಗಿ ಸಿಗುತ್ತಿರುವುದರಿಂದ ಈ ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ.

ಗ್ಲುಟಾಮಿನೇಸ್ ಮಾಡಿಕೊಟ್ಟ ಗ್ಲುಟಾಮೇಟನ್ನು ಮುಂದಕ್ಕೆ ಸಾಗಿಸುವ ಗ್ಲುಟಾಮೇಟ್ ಡಿಹೈಡ್ರೋಜನೇಸ್ ಕೂಡ ಮೈಟೊಕಾಂಡ್ರಿಯಾದಲ್ಲೇ ಇದೆ. ಅದರ ಪಾಠವನ್ನೂ ಕಲಿಸಿದ್ದು ಮಕ್ಕಳೇ. ಪ್ರೋಟೀನ್ ಹೆಚ್ಚಿರುವ ಊಟ ಮಾಡಿದರೆ ಕೆಲವು ಶಿಶುಗಳ ರಕ್ತದ ಸಕ್ಕರೆ ಹಠಾತ್ತಾಗಿ ಇಳಿಯುತ್ತದೆ ಎಂಬುದು 1950ರ ದಶಕದಿಂದಲೇ ಗೊತ್ತಿತ್ತು. 1998ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಚಾರ್ಲ್ಸ್ ಸ್ಟಾನ್ಲಿ ಮತ್ತು ಸಹೋದ್ಯೋಗಿಗಳು ಇದಕ್ಕೆ ಕಾರಣವನ್ನು ತೋರಿಸಿದರು. ಸಾಮಾನ್ಯವಾಗಿ ಜಿಟಿಪಿ ಎಂಬ ಅಣು ಈ ಕಿಣ್ವಕ್ಕೆ ಕಡಿವಾಣ ಹಾಕುತ್ತದೆ, ಲ್ಯೂಸಿನ್ ಎಂಬ ಅಮೈನೋ ಆಮ್ಲ ಪ್ರಚೋದನೆ ಕೊಡುತ್ತದೆ. ಈ ಮಕ್ಕಳಲ್ಲಿ ಕಡಿವಾಣ ಹಿಡಿಯುವ ಭಾಗವೇ ಕೆಟ್ಟಿತ್ತು. ಊಟದ ಲ್ಯೂಸಿನ್ ಬಂದಾಗ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಗ್ಲುಟಾಮೇಟನ್ನು ಲಂಗುಲಗಾಮಿಲ್ಲದೆ ಉರಿಸಿ, ಸಕ್ಕರೆ ಹೆಚ್ಚಾಗಿದೆಯೇನೋ ಎಂಬಂತೆ ಇನ್ಸುಲಿನ್ ಸುರಿಸುತ್ತಿದ್ದವು. ಜೊತೆಗೆ ರಕ್ತದ ಅಮೋನಿಯಾ ಸದಾ ಏರಿರುತ್ತಿತ್ತು. ಡಯಾಜಾಕ್ಸೈಡ್ ಎಂಬ ಹಳೆಯ ಔಷಧದಿಂದ ಇದನ್ನು ಬಹುಮಟ್ಟಿಗೆ ಹತೋಟಿಯಲ್ಲಿಡಬಹುದು.

ಪ್ರಯೋಗಾಲಯದ ತಟ್ಟೆ ಹೇಳಿದ್ದು

ಇಷ್ಟು ಅಂಗಗಳಲ್ಲಿ ಇಷ್ಟು ಬಗೆಯ ಕೆಲಸ ಮಾಡುವ ಕಿಣ್ವ ಕ್ಯಾನ್ಸರ್ ಔಷಧದ ಗುರಿಯಾದದ್ದು ಹೇಗೆ? ಇದರ ಬೇರು 1950ರ ದಶಕದಲ್ಲಿದೆ. ಅಮೆರಿಕದ ಹ್ಯಾರಿ ಈಗಲ್ ಅವರು ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸಲು ಏನೇನು ಬೇಕು ಎಂದು ಒಂದೊಂದೇ ಪೋಷಕಾಂಶವನ್ನು ತೆಗೆದು ನೋಡುತ್ತ, 1955ರಲ್ಲಿ ಗ್ಲುಟಾಮಿನ್ ಇಲ್ಲದೆ ಕೋಶಗಳು ಬೆಳೆಯುವುದಿಲ್ಲ, ಮತ್ತು ಅದು ಇತರ ಅಮೈನೋ ಆಮ್ಲಗಳಿಗಿಂತ ಬಹಳ ಹೆಚ್ಚು ಬೇಕು ಎಂದು ಕಂಡುಕೊಂಡರು. ಅಲ್ಲಿಂದ ಮುಂದೆ ಎಲ್ಲ ಪ್ರಯೋಗಾಲಯಗಳ ಪೋಷಕ ದ್ರವಗಳಲ್ಲೂ ಗ್ಲುಟಾಮಿನನ್ನು ಧಾರಾಳವಾಗಿ ಹಾಕುವುದು ರೂಢಿಯಾಯಿತು. ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಡಿಎಂಇಎಂ ಎಂಬ ಗುಲಾಬಿ ಬಣ್ಣದ ದ್ರವದಲ್ಲಿ ಅದರ ಪ್ರಮಾಣ 4 ಮಿಲಿಮೋಲಾರ್. ರಕ್ತದಲ್ಲಿರುವುದಕ್ಕಿಂತ ಆರೇಳು ಪಟ್ಟು. ಗ್ಲುಟಾಮಿನ್ ದ್ರವದಲ್ಲಿ ತಾನಾಗಿಯೇ ಒಡೆದು ಅಮೋನಿಯಾ ಬಿಡುವ ವಸ್ತುವಾದ್ದರಿಂದ, ಫ್ರಿಜ್‌ನಲ್ಲಿಟ್ಟ ಬಾಟಲಿಗೆ ಆಗಾಗ ಹೊಸದಾಗಿ ಸೇರಿಸುವುದೂ ಕೋಶ ಬೆಳೆಸುವವರಿಗೆಲ್ಲ ಗೊತ್ತಿರುವ ದಿನನಿತ್ಯದ ಕೆಲಸ.

ಈ ದ್ರವದಲ್ಲಿ ಬೆಳೆದ ಕ್ಯಾನ್ಸರ್ ಕೋಶಗಳು ಗ್ಲುಟಾಮಿನನ್ನು ಅಪಾರವಾಗಿ ಬಳಸುತ್ತವೆ. ಗ್ಲುಟಾಮೇಟ್ ಆಗಿ, ಅಲ್ಲಿಂದ ಆಲ್ಫಾ ಕೀಟೋಗ್ಲುಟರೇಟ್ ಆಗಿ ಅದು ಕ್ರೆಬ್ಸ್ ಚಕ್ರವನ್ನು ಸೇರುತ್ತದೆ. ಹೊಸ ಕೋಶ ಕಟ್ಟಲೆಂದು ಚಕ್ರದಿಂದ ಹೊರಸೆಳೆದ ಇಂಗಾಲದ ಜಾಗವನ್ನು ತುಂಬುತ್ತದೆ. 2007ರಿಂದ 2010ರವರೆಗಿನ ಅವಧಿಯಲ್ಲಿ ಈ ಚಿತ್ರ ಪೂರ್ಣಗೊಂಡಿತು. ಮಿಕ್ ಎಂಬ ಕ್ಯಾನ್ಸರ್‌ಕಾರಕ ಜೀನ್, ಮೈಕ್ರೋ ಆರ್‌ಎನ್‌ಎ 23 ಎಂಬ ನಿಯಂತ್ರಕವನ್ನು ಅಡಗಿಸಿ ಗ್ಲುಟಾಮಿನೇಸ್ ಹೆಚ್ಚುವಂತೆ ಮಾಡುತ್ತದೆ ಎಂದು 2009ರಲ್ಲಿ ಚಿ ಡಾಂಗ್ ಅವರ ತಂಡ ತೋರಿಸಿತು. ಮರುವರ್ಷವೇ ಇನ್ನೊಂದು ಅಚ್ಚರಿ ಬಂತು: ಕ್ಯಾನ್ಸರನ್ನು ತಡೆಯುವ ಪಿ53 ಎಂಬ ಪ್ರಸಿದ್ಧ ಜೀನ್ ಯಕೃತ್ತಿನ ಗ್ಲುಟಾಮಿನೇಸ್ ಆದ ಜಿಎಲ್‌ಎಸ್2ನ್ನು ಹೆಚ್ಚಿಸುತ್ತದೆ ಎಂದು ಎರಡು ತಂಡಗಳು ಬೇರೆ ಬೇರೆಯಾಗಿ ವರದಿ ಮಾಡಿದವು. ಒಂದೇ ರಾಸಾಯನಿಕ ಕ್ರಿಯೆ ನಡೆಸುವ ಎರಡು ಕಿಣ್ವಗಳಲ್ಲಿ ಒಂದು ಗಡ್ಡೆಯ ಪರವಾಗಿಯೂ ಇನ್ನೊಂದು ವಿರುದ್ಧವಾಗಿಯೂ ನಿಲ್ಲುವುದಾದರೆ, ಕ್ರಿಯೆಯನ್ನು ತಡೆದರೆ ಸಾಕು ಎಂಬ ಸರಳ ಲೆಕ್ಕವನ್ನು ಆಗಲೇ ಅನುಮಾನಿಸಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಆದರೆ ಉತ್ಸಾಹ ದೊಡ್ಡದಿತ್ತು, ಅದಕ್ಕೆ ಆಧಾರವೂ ಇತ್ತು. 1950ರ ದಶಕದಲ್ಲಿ ಪೆರು ದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕಿದ್ದ ಡಾನ್ ಎಂಬ ವಸ್ತು ಗ್ಲುಟಾಮಿನ್ ಬಳಸುವ ಎಲ್ಲ ಕಿಣ್ವಗಳನ್ನೂ ಹಾಳುಮಾಡುತ್ತಿತ್ತು. ಗಡ್ಡೆಗಳ ಮೇಲೆ ಪರಿಣಾಮವಿದ್ದರೂ ಕರುಳಿಗೆ ಅದು ಮಾಡುತ್ತಿದ್ದ ಹಾನಿಯಿಂದ ಅದನ್ನು ಕೈಬಿಡಬೇಕಾಗಿತ್ತು. ಒಂದೇ ಕಿಣ್ವವನ್ನು ಮಾತ್ರ ತಡೆಯುವ ಟೆಲಾಗ್ಲೆನಾಸ್ಟಾಟ್ ರೋಗಿಗಳಿಗೆ ಸಹನೀಯವಾಗಿತ್ತು. 69 ಮೂತ್ರಪಿಂಡ ಕ್ಯಾನ್ಸರ್ ರೋಗಿಗಳ ಸಣ್ಣ ಪ್ರಯೋಗವೊಂದರಲ್ಲಿ ಎವೆರೋಲಿಮಸ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧದ ಜೊತೆ ಇದನ್ನು ಕೊಟ್ಟಾಗ ರೋಗ ಮುಂದುವರಿಯುವವರೆಗಿನ ಅವಧಿ 1.9 ತಿಂಗಳಿನಿಂದ 3.8 ತಿಂಗಳಿಗೆ ಏರಿತ್ತು. ಈ ಫಲಿತಾಂಶ 2019ರಲ್ಲಿ ಹೊರಬರುವ ಹೊತ್ತಿಗೆ 444 ಜನರ ಪ್ರಯೋಗವೂ ಆಗಲೇ ಶುರುವಾಗಿತ್ತು.

ದೇಹ ಹೇಳಿದ್ದು

ಎಚ್ಚರಿಕೆಯ ಗಂಟೆ ಬಾರಿಸಿದ ಸಂಶೋಧನೆಗಳು ಆ ಹೊತ್ತಿಗಾಗಲೇ ಅಚ್ಚಾಗಿದ್ದವು. 2016ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮ್ಯಾಥ್ಯೂ ವ್ಯಾಂಡರ್ ಹೈಡನ್ ಅವರ ತಂಡ ಇಲಿಗಳ ಶ್ವಾಸಕೋಶದ ಗಡ್ಡೆಗಳನ್ನು ದೇಹದೊಳಗೆ ಇದ್ದಂತೆಯೇ ಅಭ್ಯಾಸ ಮಾಡಿತು. ತಟ್ಟೆಯಲ್ಲಿ ಗ್ಲುಟಾಮಿನನ್ನು ಬಿಟ್ಟಿರಲಾರದ ಅದೇ ಕೋಶಗಳು ಇಲಿಯ ದೇಹದಲ್ಲಿ ಕ್ರೆಬ್ಸ್ ಚಕ್ರವನ್ನು ಹೆಚ್ಚಾಗಿ ಗ್ಲುಕೋಸಿನಿಂದಲೇ ನಡೆಸುತ್ತಿದ್ದವು. ಗ್ಲುಟಾಮಿನೇಸ್ ತೆಗೆದುಹಾಕಿದರೂ ಗಡ್ಡೆ ಬೆಳೆಯಿತು.

ಹಾಗಿದ್ದರೆ ತಟ್ಟೆಯಲ್ಲಿ ಅಂಥ ಅವಲಂಬನೆ ಏಕೆ? ಮರುವರ್ಷ ಅದೇ ತಂಡಕ್ಕೆ ಸಿಕ್ಕ ಉತ್ತರ ಗ್ಲುಟಾಮಿನ್‌ನಲ್ಲಿ ಇರಲಿಲ್ಲ, ಸಿಸ್ಟೀನ್ ಎಂಬ ಇನ್ನೊಂದು ಅಮೈನೋ ಆಮ್ಲದ ಜೋಡಿ ರೂಪದಲ್ಲಿ ಇತ್ತು. ಜೀವಕೋಶದ ಹೊರಪೊರೆಯಲ್ಲಿ ಒಂದು ವಿನಿಮಯ ದ್ವಾರವಿದೆ. ಒಂದು ಜೋಡಿ ಸಿಸ್ಟೀನ್ ಒಳಬರಬೇಕಾದರೆ ಒಂದು ಗ್ಲುಟಾಮೇಟ್ ಹೊರಹೋಗಬೇಕು. ಪ್ರಯೋಗಾಲಯದ ದ್ರವದಲ್ಲಿ ಈ ಜೋಡಿ ಸಿಸ್ಟೀನಿನ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚು. ಅದು ನುಗ್ಗುತ್ತಿದ್ದಷ್ಟೂ ಕೋಶದ ಗ್ಲುಟಾಮೇಟ್ ಸೋರಿಹೋಗುತ್ತಿತ್ತು, ಆ ಕೊರತೆಯನ್ನು ತುಂಬಲು ಗ್ಲುಟಾಮಿನೇಸ್ ಬಿಡುವಿಲ್ಲದೆ ದುಡಿಯಬೇಕಾಗುತ್ತಿತ್ತು. ಅದೇ ಕೋಶಗಳನ್ನು ವಯಸ್ಕ ಹಸುವಿನ ರಕ್ತದ ಸೀರಮ್‌ನಲ್ಲಿ ಬೆಳೆಸಿದಾಗ ಅವುಗಳಿಗೆ ಟೆಲಾಗ್ಲೆನಾಸ್ಟಾಟ್ ತಾಗಲಿಲ್ಲ. ಸೀರಮ್‌ಗೆ ಜೋಡಿ ಸಿಸ್ಟೀನನ್ನು ಬೆರೆಸಿದರೆ ಮತ್ತೆ ತಾಗಿತು. ಅರ್ಧ ಶತಮಾನದಿಂದ ಪ್ರಯೋಗಾಲಯಗಳು ನಂಬಿಕೊಂಡು ಬಂದ ಬಾಟಲಿಯ ಪಾಕವಿಧಾನವೇ ಆ ಅವಲಂಬನೆಯನ್ನು ಬಹುಪಾಲು ಸೃಷ್ಟಿಸಿತ್ತು. ಇಷ್ಟು ನೇರವಾಗಿ ಕಾರಣವನ್ನು ಬೆರಳಿಟ್ಟು ತೋರಿಸುವ ಪ್ರಯೋಗಗಳು ಅಪರೂಪ. ಚಯಾಪಚಯವನ್ನು ಓದುವ ಪ್ರತಿ ವಿದ್ಯಾರ್ಥಿಗೂ ಇದನ್ನು ಪಾಠವಾಗಿ ಹೇಳಬೇಕು.

ಈ ತಿಳಿವಳಿಕೆಯಿಂದಲೇ ಒಂದು ಸಮರ್ಥ ಊಹೆ ಹುಟ್ಟಿತು. ಕೀಪ್1 ಎಂಬ ಜೀನ್ ಕೆಟ್ಟ ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಆ ವಿನಿಮಯ ದ್ವಾರಗಳು ಸ್ವಾಭಾವಿಕವಾಗಿಯೇ ಹೆಚ್ಚಿರುತ್ತವೆ; ಆದ್ದರಿಂದ ಅಂಥ ಗಡ್ಡೆಗಳು ದೇಹದೊಳಗೂ ಗ್ಲುಟಾಮಿನೇಸನ್ನು ನೆಚ್ಚಿರಬೇಕು. ಇಲಿಗಳಲ್ಲಿ ಇದು ನಿಜವಾಯಿತು. 2021ರಲ್ಲಿ ನಿಂತುಹೋದ ಎರಡನೆಯ ಪ್ರಯೋಗ ಇಂಥ ರೋಗಿಗಳನ್ನೇ ಆರಿಸಿಕೊಂಡದ್ದು. ಅಲ್ಲಿ ಟೆಲಾಗ್ಲೆನಾಸ್ಟಾಟನ್ನು ಕೀಮೋಥೆರಪಿ ಮತ್ತು ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧದ ಜೊತೆ ಕೊಡಲಾಗಿತ್ತು. ಆದರೆ ಗಡ್ಡೆಯನ್ನು ಕೊಲ್ಲಬೇಕಾದ ಟಿ ಕೋಶಗಳೂ ಎಚ್ಚೆತ್ತು ವೃದ್ಧಿಯಾಗುವಾಗ ಗ್ಲುಟಾಮಿನ್ ಬಳಸುವಂಥವೇ. ಕೆಲವು ಬಗೆಯ ಶ್ವಾಸಕೋಶದ ಗಡ್ಡೆಗಳಿರುವ ಇಲಿಗಳಲ್ಲಿ ಗ್ಲುಟಾಮಿನೇಸ್ ತಡೆದಾಗ ಟಿ ಕೋಶಗಳು ಎಚ್ಚರಗೊಳ್ಳುವುದೇ ಕುಂದುತ್ತದೆ ಎಂದು 2022ರಲ್ಲಿ ವರದಿಯಾಯಿತು. ಒಂದು ಔಷಧ ಎಬ್ಬಿಸಹೊರಟದ್ದನ್ನು ಇನ್ನೊಂದು ಮಲಗಿಸುತ್ತಿದ್ದಿರಬಹುದು.

ಇದಲ್ಲದೆ ರಸಾಯನಶಾಸ್ತ್ರದ ಮಟ್ಟದಲ್ಲೇ ಒಂದು ತೆರೆದ ದಾರಿ ಉಳಿದಿತ್ತು. ಡಿಎನ್‌ಎಯ ಅಕ್ಷರಗಳನ್ನು ಕಟ್ಟುವ ಕಿಣ್ವಗಳು ಗ್ಲುಟಾಮಿನ್‌ನ ಬಾಲದ ಸಾರಜನಕವನ್ನು ನೇರವಾಗಿ ಎತ್ತಿಕೊಳ್ಳುತ್ತವೆ. ಅವಕ್ಕೆ ಗ್ಲುಟಾಮಿನೇಸ್‌ನ ಹಂಗಿಲ್ಲ, ಮತ್ತು ಎತ್ತಿಕೊಂಡ ಮೇಲೆ ಉಳಿಯುವುದು ಗ್ಲುಟಾಮೇಟೇ. ಮೈಟೊಕಾಂಡ್ರಿಯಾದ ಬಾಗಿಲು ಮುಚ್ಚಿದರೂ ಕೋಶದ ಅಂಗಳದಲ್ಲಿ ಈ ವ್ಯವಹಾರ ನಡೆಯುತ್ತಲೇ ಇರುತ್ತದೆ. ಡಾನ್ ವಸ್ತುವನ್ನು ಗಡ್ಡೆಯೊಳಗೆ ಹೋದ ಮೇಲೆ ಮಾತ್ರ ಎಚ್ಚರಗೊಳ್ಳುವಂತೆ ಮರುರೂಪಿಸುವ ಕೆಲಸವನ್ನು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಕೈಗೆತ್ತಿಕೊಂಡದ್ದು ಈ ಕಾರಣದಿಂದಲೇ. ಇಂಥ ಒಂದು ವಸ್ತುವನ್ನು ಇಲಿಗಳಿಗೆ ಕೊಟ್ಟಾಗ ಗಡ್ಡೆಯ ಕೋಶಗಳು ಸೊರಗಿದವು, ಟಿ ಕೋಶಗಳು ಮಾತ್ರ ಬೇರೆ ಇಂಧನಕ್ಕೆ ಹೊಂದಿಕೊಂಡು ಇನ್ನಷ್ಟು ಚುರುಕಾದವು ಎಂದು 2019ರಲ್ಲಿ ಅವರು ವರದಿ ಮಾಡಿದರು. ಟೆಲಾಗ್ಲೆನಾಸ್ಟಾಟ್‌ನ ಅನುಭವದ ನಂತರ ಇಲಿಗಳ ಫಲಿತಾಂಶವನ್ನು ಎಷ್ಟು ನೆಚ್ಚಬಹುದು ಎಂಬ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು.

ಊಟ, ಪುಡಿ ಮತ್ತು ಮುಂದಿನ ಅಳತೆಗಳು

ಕ್ಯಾನ್ಸರ್ ಗ್ಲುಟಾಮಿನ್ ತಿಂದು ಬೆಳೆಯುತ್ತದೆ ಎಂಬ ಅರೆಬರೆ ಮಾತು ಜಾಲತಾಣಗಳಲ್ಲಿ ಹರಡಿ, ರೋಗಿಗಳಿಗೆ ಹಾಲು, ಬೇಳೆ, ಮೊಟ್ಟೆ ಬಿಡಿಸುವ ಸಲಹೆಯಾಗಿ ಮನೆಗಳನ್ನು ತಲುಪುತ್ತದೆ. ಇದು ಅಪಾಯಕಾರಿ. ವಯಸ್ಕರ ದೇಹ ದಿನಕ್ಕೆ ಸುಮಾರು 40ರಿಂದ 80 ಗ್ರಾಂ ಗ್ಲುಟಾಮಿನನ್ನು ತಾನೇ ತಯಾರಿಸುತ್ತದೆ. ಊಟದಿಂದ ಬರುವುದು ಕೆಲವೇ ಗ್ರಾಂ, ಅದರಲ್ಲೂ ದೊಡ್ಡ ಪಾಲನ್ನು ಕರುಳೇ ಬಳಸಿಕೊಂಡುಬಿಡುತ್ತದೆ. ಊಟ ಬಿಟ್ಟರೆ ಸೊರಗುವುದು ಸ್ನಾಯು, ಗಡ್ಡೆಯಲ್ಲ. ಹಾಗೆಂದು ಡಬ್ಬಿಯ ಗ್ಲುಟಾಮಿನ್ ಪುಡಿ ಎಲ್ಲರಿಗೂ ಒಳ್ಳೆಯದೆಂಬುದೂ ನಿಲ್ಲುವ ಮಾತಲ್ಲ. ಹಲವು ಅಂಗಗಳು ವಿಫಲವಾಗಿ ಐಸಿಯುನಲ್ಲಿದ್ದ 1,223 ರೋಗಿಗಳಲ್ಲಿ ಅಧಿಕ ಪ್ರಮಾಣದ ಗ್ಲುಟಾಮಿನ್ ಕೊಟ್ಟು ನೋಡಿದ ಪ್ರಯೋಗ 2013ರಲ್ಲಿ ಪ್ರಕಟವಾದಾಗ, ಗ್ಲುಟಾಮಿನ್ ಪಡೆದವರಲ್ಲಿ 28 ದಿನಗಳೊಳಗಿನ ಸಾವು ಶೇ 32.4, ಪಡೆಯದವರಲ್ಲಿ ಶೇ 27.2 ಇತ್ತು, ಆರು ತಿಂಗಳ ಲೆಕ್ಕದಲ್ಲಿಯೂ ಪಡೆದವರ ಸಾವೇ ಹೆಚ್ಚು. ಗಂಭೀರ ಸುಟ್ಟಗಾಯಗಳಾದ 1,200ಕ್ಕೂ ಹೆಚ್ಚು ಜನರಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಯಕೃತ್ತು ಅಥವಾ ಮೂತ್ರಪಿಂಡ ಕೆಟ್ಟವರು ವೈದ್ಯರನ್ನು ಕೇಳದೆ ಇಂಥ ಪುಡಿ ಸೇವಿಸಬಾರದು. ಅದು ಒಡೆದಾಗ ಹೊರಬರುವ ಅಮೋನಿಯಾವನ್ನು ನಿಭಾಯಿಸಬೇಕಾದ ಅಂಗಗಳು ಅವೇ.

ಇನ್ನು ಔಷಧದ ಮಾತಿಗೆ ಬಂದರೆ, ಕಿಣ್ವ ತಡೆಯಲ್ಪಟ್ಟಿತೇ ಎಂದು ಅಳೆಯುವುದು ಸಾಲದು ಎಂಬುದನ್ನು ಈ ಪ್ರಯೋಗಗಳು ತೋರಿಸಿವೆ. ತಡೆದ ಮೇಲೆ ಆ ರೋಗಿಯ ಆ ಗಡ್ಡೆ ಏನು ಮಾಡಿತು ಎಂಬುದನ್ನು ಅಳೆಯಬೇಕು. ಇದಕ್ಕೆ ದಾರಿಗಳಿವೆ. ಡಲ್ಲಾಸ್‌ನ ರಾಲ್ಫ್ ಡಿಬೆರಾರ್ಡಿನಿಸ್ ಅವರ ತಂಡ ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಗಳ ರಕ್ತಕ್ಕೆ ಇಂಗಾಲ 13ರ ಗುರುತು ಹಾಕಿದ ಪೋಷಕಾಂಶವನ್ನು ಹರಿಸಿ, ತೆಗೆದ ಗಡ್ಡೆಯಲ್ಲಿ ಆ ಗುರುತು ಎಲ್ಲೆಲ್ಲಿ ಸೇರಿದೆ ಎಂದು ನೋಡುತ್ತದೆ. 2016ರಲ್ಲಿ ಶ್ವಾಸಕೋಶದ ಗಡ್ಡೆಗಳಲ್ಲಿ ಹೀಗೆ ನೋಡಿದಾಗ, ಒಂದೇ ಗಡ್ಡೆಯ ಎರಡು ಭಾಗಗಳು ಕೂಡ ಬೇರೆ ಬೇರೆ ಇಂಧನಗಳನ್ನು ಬಳಸುತ್ತಿರುವುದು ಕಂಡುಬಂತು. ಇನ್ನೊಂದು ದಾರಿ ಪೆಟ್ ಸ್ಕ್ಯಾನ್. ವಿಕಿರಣಶೀಲ ಫ್ಲೂರಿನ್ ಅಂಟಿಸಿದ ಗ್ಲುಟಾಮಿನ್ ಬಳಸಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಇಲಿಗಳಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ಅಭ್ಯಾಸ ಮಾಡಿದರು. ಗ್ಲುಟಾಮಿನೇಸ್ ಜೋರಾಗಿ ನಡೆಯುತ್ತಿದ್ದ ಗಡ್ಡೆಯಲ್ಲಿ ಗ್ಲುಟಾಮಿನ್ ಸಂಗ್ರಹ ಕಡಿಮೆಯಿತ್ತು, ಪ್ರತಿಬಂಧಕ ಕೊಟ್ಟಾಗ ಅದು ಏರಿತು. ಕಿಣ್ವ ಮೊದಲೇ ಕಡಿಮೆಯಿದ್ದ ಗಡ್ಡೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಯಾವ ಗಡ್ಡೆ ಈ ಕಿಣ್ವವನ್ನು ನಿಜಕ್ಕೂ ದುಡಿಸಿಕೊಳ್ಳುತ್ತಿದೆ ಎಂಬುದನ್ನು, ಚೂರು ಕತ್ತರಿಸದೆ, ಔಷಧ ಕೊಡುವ ಮೊದಲೇ ತಿಳಿಯುವ ಸಾಧ್ಯತೆ ಇದರಲ್ಲಿದೆ. ಮುಂದಿನ ಗ್ಲುಟಾಮಿನ್ ಔಷಧ ಯಾವುದೇ ಆಗಿರಲಿ, ನೂರಾರು ರೋಗಿಗಳನ್ನು ಸೇರಿಸಿಕೊಳ್ಳುವ ಮುಂಚೆ ಇಂಥ ಅಳತೆಯಿಂದ ಹತ್ತಾರು ರೋಗಿಗಳನ್ನು ನೋಡಿ ಆರಿಸುವುದನ್ನು ಪ್ರಯೋಗದ ನಿಯಮದಲ್ಲೇ ಬರೆಯಬೇಕು.